ಹಸಿರು ಮಬ್ಬಿನ ಹಿಂದೆ ಏನಿದೆ? ಫ್ಲೂರೆಸೆನ್ಸ್ ಸೂಕ್ಷ್ಮದರ್ಶಕದ ಮೂಲಪಾಠ

ಪ್ರಶ್ನೆ: ನಾನು ಜೀವವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿ. ಸಾಮಾನ್ಯ ಸೂಕ್ಷ್ಮದರ್ಶಕದ ರೂಢಿಯಿದೆ, ಫ್ಲೂರೆಸೆನ್ಸ್ ಸೂಕ್ಷ್ಮದರ್ಶಕ ಹೊಸದು. ಕೋಶಗಳಲ್ಲಿ ಮೈಕ್ರೋಟ್ಯೂಬ್ಯೂಲ್ ಎಂಬ ಎಳೆಗಳನ್ನು ನೋಡಲು, ಅವುಗಳನ್ನು ಕಟ್ಟಿರುವ ಟ್ಯೂಬ್ಯುಲಿನ್ ಪ್ರೋಟೀನ್‌ಗೆ ಅಂಟುವ ಪ್ರತಿಕಾಯ, ಅದರ ಮೇಲೆ ಫ್ಲೂರೆಸೀನ್ ಎಂಬ ಹಸಿರಾಗಿ ಹೊಳೆಯುವ ಬಣ್ಣ ಜೋಡಿಸಿದ ಎರಡನೇ ಪ್ರತಿಕಾಯ ಹಾಕಿದ್ದೇನೆ. ಕೋಶಕೇಂದ್ರಕ್ಕೆ ಡಾಪಿ ಎಂಬ ನೀಲಿ ಬಣ್ಣ. ಪುಸ್ತಕದ ಚಿತ್ರಗಳಲ್ಲಿ ಕಪ್ಪು ಹಿನ್ನೆಲೆಯ ಮೇಲೆ ಹಸಿರು ಎಳೆಗಳು ಎದ್ದು ಕಾಣುತ್ತವೆ. ನನ್ನ ಸ್ಲೈಡಿನಲ್ಲಿ ಇಡೀ ಕೋಶವೇ ಹಸಿರು ಮಬ್ಬು. ನೋಡನೋಡುತ್ತಲೇ ಅರ್ಧ ನಿಮಿಷದಲ್ಲಿ ಅದೂ ಮಂಕಾಗುತ್ತದೆ. ಕೆಂಪು ಬಣ್ಣ ಹಾಕದಿದ್ದರೂ ಕೆಂಪು ಚಾನೆಲ್‌ನಲ್ಲಿ ಏನೋ ಕಾಣುತ್ತದೆ. ದೀಪದ ಬೆಳಕು ಹೆಚ್ಚಿಸಿದರೆ ಸರಿಹೋಗುತ್ತದೆಯೇ? ಉಪಕರಣದ ಮೂಲತತ್ತ್ವವನ್ನೂ ತಿಳಿಸಿ.

ಉತ್ತರ: ದೀಪದ ಬೆಳಕು ಹೆಚ್ಚಿಸಬೇಡಿ. ಎಳೆಗಳ ಜೊತೆಗೆ ಮಬ್ಬೂ ಅಷ್ಟೇ ಪಾಲು ಹೆಚ್ಚುತ್ತದೆ, ಬಣ್ಣ ಇನ್ನೂ ಬೇಗ ಸಾಯುತ್ತದೆ. ನಿಮ್ಮ ಮೂರೂ ತೊಂದರೆಗಳು ಒಂದೇ ಕಡೆಯಿಂದ ಹುಟ್ಟುತ್ತವೆ: ಈ ಉಪಕರಣದಲ್ಲಿ ಬೇಕಾದ ಬೆಳಕು ಬಹಳ ಕಡಿಮೆ, ಬೇಡದ ಬೆಳಕು ಬಹಳ ಹೆಚ್ಚು. ಸ್ಲೈಡಿನ ಮೇಲೆ ನಾವು ಸುರಿಯುವ ಬೆಳಕಿಗೆ ಹೋಲಿಸಿದರೆ ಬಣ್ಣದಿಂದ ಹೊರಬಂದು ಕ್ಯಾಮೆರಾ ಮುಟ್ಟುವ ಬೆಳಕು ಸಾಮಾನ್ಯವಾಗಿ ಲಕ್ಷದಲ್ಲೊಂದು ಪಾಲು, ಕೆಲವೊಮ್ಮೆ ಹತ್ತು ಲಕ್ಷದಲ್ಲೊಂದು ಪಾಲು. ಆ ಒಂದು ಪಾಲನ್ನು ಉಳಿದೆಲ್ಲದರಿಂದ ಬೇರ್ಪಡಿಸುವುದೇ ಇಲ್ಲಿನ ಕೆಲಸ. ಫಿಲ್ಟರ್, ಆಬ್ಜೆಕ್ಟಿವ್ (ಸ್ಲೈಡಿನ ಪಕ್ಕದ ಮಸೂರ), ಸ್ಲೈಡ್ ತಯಾರಿ, ಕ್ಯಾಮೆರಾ ಎಲ್ಲವೂ ಅದಕ್ಕಾಗಿಯೇ ಇವೆ.

ಮೊದಲು ಬಣ್ಣದ ಅಣುವಿನಲ್ಲಿ ಏನಾಗುತ್ತದೆ ಎಂಬುದನ್ನು ನೋಡೋಣ. ಫ್ಲೂರೆಸೀನ್ ಅಣುವಿಗೆ 495 ನ್ಯಾನೊಮೀಟರ್ ತರಂಗಾಂತರದ ನೀಲಿ ಫೋಟಾನ್ ಬಡಿಯಿತು ಎಂದುಕೊಳ್ಳಿ. ಫೆಮ್ಟೊಸೆಕೆಂಡುಗಳಲ್ಲಿ ಅದರ ಒಂದು ಎಲೆಕ್ಟ್ರಾನ್ ಮೇಲಿನ ಮಟ್ಟಕ್ಕೆ ಏರುತ್ತದೆ. ಏರಿದ ಮೇಲೆ ಕೆಲವು ಪಿಕೊಸೆಕೆಂಡುಗಳಲ್ಲಿ ಅಣು ಕಂಪಿಸಿ, ಒಂದಿಷ್ಟು ಶಕ್ತಿಯನ್ನು ಸುತ್ತಲಿನ ನೀರಿಗೆ ಬಿಸಿಯಾಗಿ ಬಿಟ್ಟುಕೊಟ್ಟು ಆ ಮಟ್ಟದ ತಳಕ್ಕೆ ಇಳಿಯುತ್ತದೆ. ಅಲ್ಲಿ ಸುಮಾರು 4 ನ್ಯಾನೊಸೆಕೆಂಡು ಕಾದು, ಉಳಿದ ಶಕ್ತಿಯನ್ನು ಒಂದು ಫೋಟಾನ್ ಆಗಿ ಹೊರಹಾಕಿ ನೆಲಮಟ್ಟಕ್ಕೆ ಮರಳುತ್ತದೆ. ಒಳಬಂದ ಫೋಟಾನಿನ ಶಕ್ತಿ ಸುಮಾರು 2.51 ಎಲೆಕ್ಟ್ರಾನ್ ವೋಲ್ಟ್. ಹೊರಬಂದದ್ದು 519 ನ್ಯಾನೊಮೀಟರ್ ಆಸುಪಾಸಿನದು, ಸುಮಾರು 2.39. ನಡುವಿನ 0.12 ಬಿಸಿಯಾಗಿ ಹೋಯಿತು. ಶಕ್ತಿ ಇಳಿದರೆ ತರಂಗಾಂತರ ಹಿಗ್ಗುತ್ತದೆ. ಹಾಗಾಗಿ ನೀಲಿ ನುಂಗಿದ ಅಣು ಹಸಿರು ಉಗುಳುತ್ತದೆ.

ಈ ಅಂತರಕ್ಕೆ ಸ್ಟೋಕ್ಸ್ ಶಿಫ್ಟ್ ಎಂದು ಹೆಸರು. ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ 1852ರಲ್ಲಿ ಪ್ರಿಸಂ ಬಿಡಿಸಿದ ಸೂರ್ಯನ ಬೆಳಕಿನಲ್ಲಿ ಕ್ವಿನೈನ್ ದ್ರಾವಣದ ನಳಿಕೆಯನ್ನು ಸರಿಸುತ್ತ ಹೋದರು. ನೇರಳೆಯ ಆಚೆ, ಕಣ್ಣಿಗೆ ಏನೂ ಕಾಣದ ಜಾಗಕ್ಕೆ ಬಂದಾಗ ದ್ರಾವಣ ನೀಲಿಯಾಗಿ ಹೊಳೆಯಿತು. ಫ್ಲೋರ್‌ಸ್ಪಾರ್ ಎಂಬ ಖನಿಜದ ಹೆಸರಿನಿಂದ ಫ್ಲೂರೆಸೆನ್ಸ್ ಎಂಬ ಪದವನ್ನು ಕೊಟ್ಟವರೂ ಅವರೇ. ಕನ್ನಡದಲ್ಲಿ ಪ್ರತಿದೀಪ್ತಿ ಎನ್ನುತ್ತೇವೆ. ಸ್ಟೋಕ್ಸ್ ಶಿಫ್ಟ್ ಇಲ್ಲದಿದ್ದರೆ ಈ ಸೂಕ್ಷ್ಮದರ್ಶಕವೇ ಇರುತ್ತಿರಲಿಲ್ಲ. ಒಳಹೋದ ಬೆಳಕಿಗೂ ಹೊರಬಂದ ಬೆಳಕಿಗೂ ಬಣ್ಣದಲ್ಲಿ ವ್ಯತ್ಯಾಸ ಇರುವುದರಿಂದಲೇ ಒಂದನ್ನು ತಡೆದು ಇನ್ನೊಂದನ್ನು ಬಿಡಲು ಸಾಧ್ಯ.

ಹಾಗೆ ತಡೆದು ಬಿಡುವ ಕೆಲಸ ಫಿಲ್ಟರ್ ಕ್ಯೂಬ್‌ನದು. ಅವಕಾಶ ಸಿಕ್ಕರೆ ಒಂದು ಕ್ಯೂಬನ್ನು ಹೊರತೆಗೆಸಿ ಕೈಯಲ್ಲಿ ಹಿಡಿದು ನೋಡಿ, ಗಾಜು ಮಾತ್ರ ಮುಟ್ಟಬೇಡಿ. ಬೆಂಕಿಪೊಟ್ಟಣಕ್ಕಿಂತ ತುಸು ದಪ್ಪನೆಯ ಡಬ್ಬಿಯಲ್ಲಿ ಮೂರು ಗಾಜುಗಳಿರುತ್ತವೆ. ದೀಪದ ಕಡೆಯದು ಎಕ್ಸೈಟೇಶನ್ ಫಿಲ್ಟರ್. ಅದರ ಮೇಲೆ 470/40 ಎಂದು ಬರೆದಿದ್ದರೆ ನಡುವೆ 470, ಅಗಲ 40, ಅಂದರೆ 450ರಿಂದ 490 ನ್ಯಾನೊಮೀಟರ್‌ವರೆಗಿನ ಬೆಳಕು ಮಾತ್ರ ದಾಟುತ್ತದೆ. ಒಳಗೆ 45 ಡಿಗ್ರಿ ಓರೆಯಾಗಿ ಕೂತಿರುವುದು ಡೈಕ್ರೋಯಿಕ್ ಕನ್ನಡಿ. 495ಕ್ಕಿಂತ ಕಿರಿದಾದ ತರಂಗಾಂತರವನ್ನು ಅದು ಆಬ್ಜೆಕ್ಟಿವ್ ಕಡೆಗೆ ತಿರುಗಿಸುತ್ತದೆ, ಹಿರಿದಾದದ್ದನ್ನು ದಾಟಲು ಬಿಡುತ್ತದೆ. ಕಣ್ಣು ಅಥವಾ ಕ್ಯಾಮೆರಾದ ಕಡೆ ಇರುವುದು ಎಮಿಶನ್ ಫಿಲ್ಟರ್, 525/50: ಅದು 500ರಿಂದ 550ರವರೆಗೆ ಮಾತ್ರ ಬಿಡುತ್ತದೆ. ಫ್ಲೂರೆಸೀನ್‌ಗೂ ಹಸಿರು ಪ್ರೋಟೀನ್ ಜಿಎಫ್‌ಪಿಗೂ ಬಹುತೇಕ ಕಡೆ ಬಳಸುವ ಜೋಡಣೆ ಇದೇ.

ದೀಪದ ಬೆಳಕು ಆಬ್ಜೆಕ್ಟಿವ್‌ನ ಮೂಲಕವೇ ಸ್ಲೈಡಿಗೆ ಇಳಿಯುತ್ತದೆ, ಹೊಳಪು ಅದೇ ಆಬ್ಜೆಕ್ಟಿವ್‌ನಿಂದ ಮರಳುತ್ತದೆ. ಇದಕ್ಕೆ ಎಪಿ-ಇಲ್ಯುಮಿನೇಶನ್ ಎನ್ನುತ್ತಾರೆ. ಡೈಕ್ರೋಯಿಕ್ ಕನ್ನಡಿಯೊಡನೆ ಅದನ್ನು ದಿನಬಳಕೆಗೆ ತಂದವರು ಯೋಹಾನ್ ಪ್ಲೂಮ್, 1960ರ ದಶಕದಲ್ಲಿ. ಅದಕ್ಕೂ ಮೊದಲು ಬೆಳಕು ಕೆಳಗಿನಿಂದ ಬಂದು ನೇರ ಆಬ್ಜೆಕ್ಟಿವ್‌ಗೆ ನುಗ್ಗುತ್ತಿತ್ತು, ಅಷ್ಟನ್ನೂ ಫಿಲ್ಟರ್ ಒಂದೇ ತಡೆಯಬೇಕಿತ್ತು. ಎಪಿ ವಿಧಾನದಲ್ಲಿ ದೀಪದ ಬೆಳಕಿನ ಬಹುಪಾಲು ಸ್ಲೈಡನ್ನು ದಾಟಿ ಆಚೆ ಹೋಗಿಬಿಡುತ್ತದೆ. ಗಾಜಿಗೆ ಬಡಿದು ವಾಪಸಾದ ಚೂರನ್ನು ತಡೆದರೆ ಸಾಕು. ಹಿನ್ನೆಲೆ ಕಪ್ಪಾಗಿ ಕಾಣುವುದರಲ್ಲಿ ಈ ವ್ಯವಸ್ಥೆಯ ಪಾಲು ದೊಡ್ಡದು.

ಈಗ ನಿಮ್ಮ ಮಬ್ಬಿಗೆ ಬರೋಣ. ಕಾರಣ ಹುಡುಕಲು ಒಂದೇ ದಿನ, ಒಂದೇ ಬ್ಯಾಚಿನ ಕೋಶಗಳಿಂದ ಮೂರು ಸ್ಲೈಡ್ ಮಾಡಿ: ಏನೂ ಬಣ್ಣ ಹಾಕದ್ದು, ಎರಡನೇ ಪ್ರತಿಕಾಯ ಮಾತ್ರ ಹಾಕಿದ್ದು, ಎಲ್ಲವನ್ನೂ ಹಾಕಿದ್ದು. ಮೂರನ್ನೂ ಒಂದೇ ಎಕ್ಸ್‌ಪೋಶರ್, ಒಂದೇ ದೀಪದ ಮಟ್ಟದಲ್ಲಿ ತೆಗೆದು ಪಿಕ್ಸೆಲ್ ಅಂಕಿ ಓದಿ. ಉದಾಹರಣೆಗೆ ಕ್ಯಾಮೆರಾ ಮುಚ್ಚಿದಾಗ 100, ಮೊದಲ ಸ್ಲೈಡ್ 130, ಎರಡನೆಯದು 600, ಮೂರನೆಯದು 900 ಬಂದರೆ, ನಿಮ್ಮ 800ರ ಬೆಳಕಿನಲ್ಲಿ 30 ಕೋಶದ ಸ್ವಂತ ಹೊಳಪು, 470 ಎಲ್ಲೆಂದರಲ್ಲಿ ಅಂಟಿದ ಎರಡನೇ ಪ್ರತಿಕಾಯ, 300 ಮಾತ್ರ ನಿಮಗೆ ಬೇಕಾದದ್ದು. ಈ ಲೆಕ್ಕ ಕೈಯಲ್ಲಿಲ್ಲದೆ ವಿಧಾನ ಬದಲಾಯಿಸುತ್ತ ಹೋದರೆ ವಾರಗಟ್ಟಲೆ ಕಳೆಯುತ್ತವೆ.

ಮೊದಲ ಸ್ಲೈಡೇ ಹೊಳೆಯುತ್ತಿದ್ದರೆ ಫಿಕ್ಸೇಟಿವ್ (ಕೋಶವನ್ನು ಇದ್ದಂತೆಯೇ ಹಿಡಿದು ನಿಲ್ಲಿಸುವ ರಾಸಾಯನಿಕ) ಯಾವುದೆಂದು ನೋಡಿ. ಗ್ಲುಟರಾಲ್ಡಿಹೈಡ್ ಇದ್ದರೆ ಅದೇ ಹೊಳೆಯುತ್ತದೆ. 0.1% ಸೋಡಿಯಂ ಬೋರೋಹೈಡ್ರೈಡನ್ನು ಆಗಲೇ ತಯಾರಿಸಿ ಕೆಲವು ನಿಮಿಷ ಹಾಕಿದರೆ ತಗ್ಗುತ್ತದೆ. ಸಸ್ಯದ ಅಂಗಾಂಶವಾದರೆ ಹರಿದ್ರೇಣು ಕೆಂಪಾಗಿ, ಲಿಗ್ನಿನ್ ನೀಲಿ-ಹಸಿರಾಗಿ ಹೊಳೆಯುತ್ತದೆ. ಜೀವಂತ ಕೋಶಗಳಾದರೆ ಮಾಧ್ಯಮದಲ್ಲಿರುವ ಫೀನಾಲ್ ರೆಡ್ ಮತ್ತು ರೈಬೊಫ್ಲೇವಿನ್ ಮಬ್ಬು ತರುತ್ತವೆ. ಎರಡನೇ ಸ್ಲೈಡ್ ಹೊಳೆದರೆ ತಪ್ಪು ಇರುವುದು ಬ್ಲಾಕಿಂಗ್‌ನಲ್ಲಿ (ಪ್ರತಿಕಾಯ ಬೇಡದ ಕಡೆ ಅಂಟದಂತೆ ಮೊದಲೇ ಬೇರೆ ಪ್ರೋಟೀನ್ ಹಾಕುವುದು) ಅಥವಾ ತೊಳೆಯುವುದರಲ್ಲಿ, ಇಲ್ಲವೇ ಪ್ರತಿಕಾಯ ಹೆಚ್ಚಾಗಿದೆ. 1:200 ಹಾಕಿದ್ದರೆ 1:500, 1:1000 ಪ್ರಯತ್ನಿಸಿ. ಎರಡನೇ ಪ್ರತಿಕಾಯದ ನಳಿಕೆಯನ್ನು ಬಳಸುವ ಮುನ್ನ 10,000 ಜಿ ಬಲದಲ್ಲಿ 5 ನಿಮಿಷ ಸೆಂಟ್ರಿಫ್ಯೂಜ್ ಮಾಡಿ ಮೇಲಿನ ದ್ರವ ಮಾತ್ರ ತೆಗೆದುಕೊಳ್ಳಿ. ತಳದಲ್ಲಿ ಕೂರುವ ಗಂಟುಗಳೇ ಸ್ಲೈಡಿನಲ್ಲಿ ಹಸಿರು ಚುಕ್ಕೆಗಳಾಗಿ ಕಾಣುವುದು.

ಆದರೆ ನಿಮ್ಮ ವಿಷಯದಲ್ಲಿ ನನ್ನ ಮೊದಲ ಅನುಮಾನ ಬೇರೆಯೇ. ಕೋಶದಲ್ಲಿ ಟ್ಯೂಬ್ಯುಲಿನ್ ಎಲ್ಲವೂ ಎಳೆಗಳಲ್ಲಿ ಇರುವುದಿಲ್ಲ. ಒಂದು ದೊಡ್ಡ ಪಾಲು ಬಿಡಿಯಾಗಿ ಕೋಶರಸದಲ್ಲಿ ತೇಲುತ್ತಿರುತ್ತದೆ, ಪ್ರತಿಕಾಯ ಅದನ್ನೂ ಹಿಡಿಯುತ್ತದೆ. ಸಾಲದ್ದಕ್ಕೆ ಮೈಕ್ರೋಟ್ಯೂಬ್ಯೂಲ್‌ಗಳು ತಣ್ಣಗಾದರೆ ಬಿಚ್ಚಿಕೊಳ್ಳುತ್ತವೆ. ಫ್ರಿಜ್‌ನಿಂದ ತೆಗೆದ ಪಿಬಿಎಸ್ ಎಂಬ ಉಪ್ಪಿನ ಬಫರ್‌ನಲ್ಲಿ ತೊಳೆದು, ತಣ್ಣನೆಯ 4% ಪ್ಯಾರಾಫಾರ್ಮಾಲ್ಡಿಹೈಡ್ ಸುರಿದರೆ ಅದು ಹಿಡಿದು ನಿಲ್ಲಿಸುವಷ್ಟರಲ್ಲಿ ಅರ್ಧ ಎಳೆಗಳು ಕರಗಿ ಮಬ್ಬಾಗಿರುತ್ತವೆ. ಆಗ ನೀವು ನೋಡುತ್ತಿರುವ ಮಬ್ಬು ಬಣ್ಣದ ತಪ್ಪಲ್ಲ, ನಿಜವಾದ ಟ್ಯೂಬ್ಯುಲಿನ್ನೇ.

ಇದಕ್ಕೆ ಎರಡು ದಾರಿ. ಮೊದಲನೆಯದು, ಕವರ್‌ಸ್ಲಿಪ್ಪನ್ನು ಮಾಧ್ಯಮದಿಂದ ಎತ್ತಿ ನೇರ ಮೈನಸ್ 20 ಡಿಗ್ರಿಯ ಮೆಥನಾಲ್‌ಗೆ 5 ನಿಮಿಷ ಅದ್ದುವುದು. ಇದೂ ತಣ್ಣನೆಯದೇ, ಆದರೆ ಎಳೆ ಬಿಚ್ಚಿಕೊಳ್ಳಲು ಪುರುಸೊತ್ತು ಕೊಡದಷ್ಟು ಬೇಗ ಪ್ರೋಟೀನನ್ನು ಹೆಪ್ಪುಗಟ್ಟಿಸುತ್ತದೆ. ಬಿಡಿ ಟ್ಯೂಬ್ಯುಲಿನ್ ಕೂಡ ಬಹಳಷ್ಟು ತೊಳೆದುಹೋಗುತ್ತದೆ, ಪೊರೆ ತೂತಾಗುವುದರಿಂದ ಟ್ರೈಟಾನ್ ಎಂಬ ಡಿಟರ್ಜೆಂಟ್ ಬೇಕಾಗುವುದಿಲ್ಲ. ಆದರೆ ಅದೇ ಕೋಶದಲ್ಲಿ ಫ್ಯಾಲಾಯ್ಡಿನ್ ಎಂಬ ಅಣುವನ್ನು ಅಂಟಿಸಿ ಆಕ್ಟಿನ್ ಎಂಬ ಇನ್ನೊಂದು ಬಗೆಯ ಎಳೆ ನೋಡುವ ಯೋಚನೆಯಿದ್ದರೆ ಮೆಥನಾಲ್ ಬೇಡ. ಫ್ಯಾಲಾಯ್ಡಿನ್ ಆಮೇಲೆ ಸರಿಯಾಗಿ ಅಂಟುವುದಿಲ್ಲ. ಜಿಎಫ್‌ಪಿಯ ಹೊಳಪೂ ಕುಂದುತ್ತದೆ. ಎರಡನೇ ದಾರಿಯಲ್ಲಿ 80 ಮಿಲಿಮೋಲಾರ್ ಪೈಪ್ಸ್, 1 ಮಿಲಿಮೋಲಾರ್ ಮೆಗ್ನೀಶಿಯಂ ಕ್ಲೋರೈಡ್, 1 ಮಿಲಿಮೋಲಾರ್ ಇಜಿಟಿಎ ಇರುವ, ಪಿಎಚ್ 6.8ರ ಬಫರ್‌ಗೆ 0.5% ಟ್ರೈಟಾನ್ ಎಕ್ಸ್-100 ಸೇರಿಸಿ, 37 ಡಿಗ್ರಿಗೆ ಬೆಚ್ಚಗೆ ಮಾಡಿ ಅರ್ಧ ನಿಮಿಷ ಹಾಕುತ್ತೀರಿ. ಬಿಡಿ ಟ್ಯೂಬ್ಯುಲಿನ್ ಸೋರಿಹೋಗುತ್ತದೆ. ಕ್ಯಾಲ್ಸಿಯಂ ಎಳೆಗಳನ್ನು ಬಿಚ್ಚುವುದರಿಂದ ಅದನ್ನು ಹಿಡಿದಿಡಲು ಇಜಿಟಿಎ ಬೇಕು. ತಕ್ಷಣ ಅದೇ ಬಫರ್‌ನಲ್ಲಿ ಕಲಸಿದ, 37 ಡಿಗ್ರಿಯ ಪ್ಯಾರಾಫಾರ್ಮಾಲ್ಡಿಹೈಡ್ 10 ನಿಮಿಷ. ಈ ಬೆಚ್ಚಗಿನ ಹೆಜ್ಜೆಯನ್ನು ಮಾತ್ರ ಬಿಡಬೇಡಿ.

ಮುಂದಿನದು ಎರಡಕ್ಕೂ ಒಂದೇ. ಪಿಬಿಎಸ್‌ನಲ್ಲಿ 5 ನಿಮಿಷದಂತೆ ಮೂರು ಸಲ ತೊಳೆದು, 3% ಬಿಎಸ್‌ಎ ಪ್ರೋಟೀನ್ ದ್ರಾವಣದಲ್ಲಿ ಅರ್ಧ ಗಂಟೆ ಬ್ಲಾಕ್ ಮಾಡಿ. ಮೊದಲ ಪ್ರತಿಕಾಯ ಒಂದು ಗಂಟೆ. 0.1% ಟ್ವೀನ್-20 ಬೆರೆಸಿದ ಪಿಬಿಎಸ್‌ನಲ್ಲಿ ಮತ್ತೆ ಮೂರು ತೊಳೆತ. ಎರಡನೇ ಪ್ರತಿಕಾಯ ಕತ್ತಲಲ್ಲಿ 45 ನಿಮಿಷ, ಮತ್ತೆ ಮೂರು ತೊಳೆತ, 300 ನ್ಯಾನೊಮೋಲಾರ್ ಡಾಪಿ 5 ನಿಮಿಷ. ಡಾಪಿ ಹೆಚ್ಚು ಹಾಕಿದರೆ ಕೋಶಕೇಂದ್ರದ ಆಚೆಗೂ ನೀಲಿ ಹರಡುತ್ತದೆ. ಕೊನೆಗೆ ಕವರ್‌ಸ್ಲಿಪ್ಪನ್ನು ಚಿಮುಟದಲ್ಲಿ ನೆಟ್ಟಗೆ ಹಿಡಿದು ಅದರ ಅಂಚನ್ನು ಫಿಲ್ಟರ್ ಕಾಗದಕ್ಕೆ ತಾಗಿಸಿ. ನೀರು ತಾನೇ ಕಾಗದಕ್ಕೆ ಇಳಿಯುತ್ತದೆ. ಕೋಶಗಳಿರುವ ಮೈಯನ್ನು ಒರೆಸಬೇಡಿ. 18 ಮಿಲಿಮೀಟರ್ ಕವರ್‌ಸ್ಲಿಪ್ಪಿಗೆ 8ರಿಂದ 10 ಮೈಕ್ರೊಲೀಟರ್ ಮೌಂಟಿಂಗ್ ದ್ರವದ ಹನಿ ಸಾಕು. ಒಂದು ಅಂಚನ್ನು ಮೊದಲು ತಾಗಿಸಿ ಓರೆಯಾಗಿ ನಿಧಾನ ಇಳಿಸಿದರೆ ಗುಳ್ಳೆ ಬರುವುದಿಲ್ಲ. ಟಿಶ್ಯೂ ಕಾಗದ ತಾಗಿದರೆ ಅದರ ನವಿರು ಎಳೆಗಳು ಉಳಿದು ಡಾಪಿ ಚಾನೆಲ್‌ನಲ್ಲಿ ಉರಿಯುವ ನೀಲಿಯಾಗಿ ಕಾಣುತ್ತವೆ. ಕಾಗದ, ಬಟ್ಟೆಗಳನ್ನು ಬೆಳ್ಳಗೆ ಕಾಣಿಸಲು ಹಾಕುವ ಪದಾರ್ಥಗಳೂ ಫ್ಲೂರೆಸೆಂಟ್ ಬಣ್ಣಗಳೇ.

ಕವರ್‌ಸ್ಲಿಪ್ ನಂಬರ್ 1.5 ಇರಲಿ. ಹೆಚ್ಚಿನ ಆಬ್ಜೆಕ್ಟಿವ್‌ಗಳನ್ನು 0.17 ಮಿಲಿಮೀಟರ್ ದಪ್ಪಕ್ಕೆ ಲೆಕ್ಕ ಹಾಕಿ ಮಾಡಿರುತ್ತಾರೆ. ನಂಬರ್ 1 ಅದಕ್ಕಿಂತ ತೆಳು, ಎಣ್ಣೆಯಿಲ್ಲದ ದೊಡ್ಡ ಆಬ್ಜೆಕ್ಟಿವ್‌ಗಳಲ್ಲಿ ಅಷ್ಟಕ್ಕೇ ಚಿತ್ರದ ಅಂಚು ಮೆತ್ತಗಾಗುತ್ತದೆ. ಆಬ್ಜೆಕ್ಟಿವ್ ಆರಿಸುವಾಗಲೂ ವರ್ಧನೆಗಿಂತ ಮೊದಲು ಎನ್‌ಎ (ಆಬ್ಜೆಕ್ಟಿವ್ ಎಷ್ಟು ಅಗಲದ ಬೆಳಕು ಹಿಡಿಯಬಲ್ಲದೆಂಬ ಅಳತೆ) ಅಂಕಿ ನೋಡಿ. ಎಪಿ ವಿಧಾನದಲ್ಲಿ ಆಬ್ಜೆಕ್ಟಿವ್ ಬೆಳಕು ಸುರಿಯುವುದಕ್ಕೂ ಹಿಡಿಯುವುದಕ್ಕೂ ಬಳಕೆಯಾಗುವುದರಿಂದ ಚಿತ್ರದ ಹೊಳಪು ಎನ್‌ಎಯ ನಾಲ್ಕನೇ ಘಾತದಷ್ಟು ಏರುತ್ತದೆ, ವರ್ಧನೆಯ ವರ್ಗದಷ್ಟು ಇಳಿಯುತ್ತದೆ. 0.75 ಎನ್‌ಎಯ 40x ಬಿಟ್ಟು 1.3 ಎನ್‌ಎಯ 40x ಎಣ್ಣೆ ಆಬ್ಜೆಕ್ಟಿವ್ ಹಾಕಿದರೆ ಹೊಳಪು ಸುಮಾರು 9 ಪಟ್ಟು. ದೀಪದ ಗುಂಡಿ ತಿರುಗಿಸುವುದಕ್ಕಿಂತ ಇದು ಎಷ್ಟೋ ಮೇಲು.

ಎಳೆಗಳು ಸರಿಯಿದ್ದೂ ಕೋಶದ ನಡುಭಾಗ ಮಾತ್ರ ಮಬ್ಬಾಗಿದ್ದರೆ ಅದು ಫೋಕಸ್‌ನ ಮೇಲೂ ಕೆಳಗೂ ಇರುವ ಬಣ್ಣದ ಬೆಳಕು. ಸಾಮಾನ್ಯ ಫ್ಲೂರೆಸೆನ್ಸ್ ಸೂಕ್ಷ್ಮದರ್ಶಕ ಅದನ್ನು ತಡೆಯಲಾರದು. ಮಾರ್ವಿನ್ ಮಿನ್‌ಸ್ಕಿ 1957ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ ಕಾನ್‌ಫೋಕಲ್ ವಿಧಾನ ಇರುವುದೇ ಇದಕ್ಕೆ. ಫೋಕಸ್ ತಪ್ಪಿದ ಬೆಳಕನ್ನು ಸೂಜಿಮೊನೆಯಂಥ ರಂಧ್ರವೊಂದು ಹೊರಗಿಡುತ್ತದೆ. ಚಪ್ಪಟೆಯಾಗಿ ಹರಡಿದ ಕೋಶಗಳಿಗೆ ಅದು ಬೇಕಾಗುವುದು ಕಡಿಮೆ. ಅಂಗಾಂಶದ ದಪ್ಪ ಚೂರಾದರೆ ಬೇಕೇ ಬೇಕು.

ಬಣ್ಣ ಮಂಕಾಗುವುದು ಎರಡನೆಯ ತೊಂದರೆ. ಮೇಲೇರಿದ ಎಲೆಕ್ಟ್ರಾನ್ ಪ್ರತಿ ಸಲವೂ ನೇರ ಕೆಳಗಿಳಿಯುವುದಿಲ್ಲ. ಅಪರೂಪಕ್ಕೊಮ್ಮೆ ಟ್ರಿಪ್ಲೆಟ್ ಎಂಬ ಪಕ್ಕದ ಮಟ್ಟಕ್ಕೆ ಜಾರಿ ಅಲ್ಲಿ ಮೈಕ್ರೊಸೆಕೆಂಡುಗಳಷ್ಟೋ ಅದಕ್ಕಿಂತ ಹೆಚ್ಚೋ ಹೊತ್ತು ಸಿಕ್ಕಿಬೀಳುತ್ತದೆ. ಅಣುವಿನ ಲೆಕ್ಕದಲ್ಲಿ ಅದು ಬಹಳ ದೀರ್ಘ ಕಾಲ. ಅಷ್ಟರಲ್ಲಿ ಹತ್ತಿರದ ಆಮ್ಲಜನಕ ತಾಗಿ ಬಣ್ಣದ ಅಣು ಒಡೆದರೆ ಅದು ಮತ್ತೆಂದೂ ಹೊಳೆಯದು. ಫ್ಲೂರೆಸೀನ್ ಅಣುವೊಂದು ಸಾಯುವ ಮುನ್ನ ಕೊಡುವುದು ಹತ್ತಾರು ಸಾವಿರ ಫೋಟಾನ್ ಅಷ್ಟೇ. ನೀವು ಕಣ್ಣಿಟ್ಟು ಜಾಗ ಹುಡುಕುವಾಗಲೂ ಆ ಗಂಟು ಕರಗುತ್ತಿರುತ್ತದೆ.

ಹಾಗಾಗಿ ಜಾಗ ಹುಡುಕುವುದನ್ನು, ಫೋಕಸ್ ಮಾಡುವುದನ್ನು ಸಾಧ್ಯವಾದಷ್ಟೂ ಬಣ್ಣವಿಲ್ಲದೆಯೇ ಕೋಶ ತೋರಿಸುವ ಫೇಸ್ ಕಾಂಟ್ರಾಸ್ಟ್‌ನಲ್ಲೇ ಮುಗಿಸಿ. ಹಸಿರು ಹೊಳಪನ್ನೇ ನೋಡಬೇಕಾದರೆ ದೀಪ 5-10%ಗೆ ಇಳಿಸಿ, ಕೋಣೆ ಕತ್ತಲು ಮಾಡಿ, ಕಣ್ಣು ಹೊಂದಿಕೊಳ್ಳಲು ಕೆಲವು ನಿಮಿಷ ಕೊಡಿ. ಶಟರ್ ಕ್ಯಾಮೆರಾದೊಡನೆ ಮಾತ್ರ ತೆರೆದು ಮುಚ್ಚುವಂತೆ ಜೋಡಿಸಿ. ಫೋಕಸ್ ಸರಿಮಾಡುವಾಗ ಕ್ಯಾಮೆರಾದಲ್ಲಿ 2x2 ಬಿನ್ನಿಂಗ್ ಇಟ್ಟರೆ ನಾಲ್ಕು ಪಿಕ್ಸೆಲ್‌ಗಳ ಬೆಳಕು ಒಂದಕ್ಕೆ ಸೇರುತ್ತದೆ, ಕಾಲುಭಾಗ ಬೆಳಕು ಸಾಕು. ಮೌಂಟಿಂಗ್ ದ್ರವದಲ್ಲಿ ಬಣ್ಣ ಮಂಕಾಗುವುದನ್ನು ತಗ್ಗಿಸುವ ಆಂಟಿಫೇಡ್ ಇರಲೇಬೇಕು. ಪ್ರಯೋಗಾಲಯದಲ್ಲೇ ಮಾಡಿಕೊಳ್ಳುವುದಾದರೆ 90% ಗ್ಲಿಸರಾಲ್, 10% ಪಿಬಿಎಸ್, ಅದರಲ್ಲಿ ಆಂಟಿಫೇಡ್ ಆಗಿ 2.5% ಡ್ಯಾಬ್ಕೊ, ಪಿಎಚ್ 8.6. ಪಿಎಚ್ ಯಾಕೆ ಮುಖ್ಯವೆಂದರೆ ಫ್ಲೂರೆಸೀನ್‌ನ ಪಿಕೆಎ (ಅರ್ಧದಷ್ಟು ಅಣುಗಳು ಹೊಳಪು ಕಡಿಮೆಯ ರೂಪಕ್ಕೆ ತಿರುಗುವ ಪಿಎಚ್) ಸುಮಾರು 6.4. ಪಿಎಚ್ 7ರ ಕೆಳಗೆ ಬಂದಂತೆ ಹೊಳಪು ರಭಸದಿಂದ ಬೀಳುತ್ತದೆ. ಹಳೆಯ, ಆಮ್ಲೀಯವಾದ ದ್ರವದಲ್ಲಿ ಮೌಂಟ್ ಮಾಡಿ ಬಣ್ಣ ಅಂಟಲಿಲ್ಲವೆಂದು ಬೇಸರಪಡುವವರು ಬಹಳ. ಎರಡನೇ ಪ್ರತಿಕಾಯವನ್ನು ಹೊಸದಾಗಿ ತರಿಸುವಾಗ ಅಲೆಕ್ಸಾ 488 ಎಂಬ ಬಣ್ಣ ಜೋಡಿಸಿದ್ದನ್ನು ತರಿಸಿ. ಅದೇ ಫಿಲ್ಟರಿನಲ್ಲಿ ಕಾಣುತ್ತದೆ, ಪಿಎಚ್ 4ರಿಂದ 10ರವರೆಗೆ ಹೊಳಪು ಬದಲಾಗುವುದಿಲ್ಲ, ಬಾಳಿಕೆಯೂ ಹೆಚ್ಚು.

ಮೂರನೆಯದಾಗಿ ಕೆಂಪು ಚಾನೆಲ್. ಮೊದಲು ತಂತ್ರಾಂಶದ ಆಟೋ ಕಾಂಟ್ರಾಸ್ಟ್ ಆಫ್ ಮಾಡಿ. 100ರಿಂದ 120ರ ನಡುವಿನ ಅಂಕಿಗಳನ್ನೂ ಅದು ಪರದೆಯ ತುಂಬ ಹಿಗ್ಗಿಸಿ ಉಜ್ವಲ ಚಿತ್ರವಾಗಿ ತೋರಿಸುತ್ತದೆ. ಹಸಿರಿನಲ್ಲಿ 3000, ಕೆಂಪಿನಲ್ಲಿ 115 ಇದ್ದರೆ ಅಲ್ಲಿ ತೊಂದರೆಯೇ ಇಲ್ಲ. ಅಂಕಿಯಲ್ಲೂ ಕೆಂಪು ಎದ್ದು ಬಂದರೆ ಅದು ಬ್ಲೀಡ್-ಥ್ರೂ, ಅಂದರೆ ಒಂದು ಬಣ್ಣದ ಹೊಳಪು ಇನ್ನೊಂದರ ಚಾನೆಲ್‌ಗೆ ಸೋರುವುದು. ಫ್ಲೂರೆಸೀನ್‌ನ ಹೊಳಪು 519ರಲ್ಲಿ ಶಿಖರ ಮುಟ್ಟಿ ಅಲ್ಲಿಗೇ ನಿಲ್ಲುವುದಿಲ್ಲ, 600ರ ಆಚೆಗೂ ಬಾಲ ಚಾಚುತ್ತದೆ. ಕೆಂಪಿನ ಕ್ಯೂಬ್ ಅದನ್ನು 540-550ರ ಹಸಿರು ಬೆಳಕಿನಿಂದ ಕೆರಳಿಸುವುದು ಅತ್ಯಲ್ಪ, ಆದರೂ ಬಣ್ಣ ಅತಿಯಾಗಿದ್ದರೆ ಆ ಅಲ್ಪವೂ ಕಾಣುತ್ತದೆ. ಪ್ರತಿಕಾಯ ತೆಳುವಾಗಿಸಿದರೆ ಅರ್ಧ ಕೆಲಸ ಆಯಿತು. ಮುಂದೆ ಕೆಂಪು ಬಣ್ಣ ಸೇರಿಸುವಾಗ ಟಿಆರ್‌ಐಟಿಸಿ ಎಂಬ ಬಣ್ಣದ ಬದಲು 596ರಲ್ಲಿ ಹೀರಿ 615ರಲ್ಲಿ ಹೊಳೆಯುವ ಟೆಕ್ಸಾಸ್ ರೆಡ್, ಅಥವಾ ಇನ್ನೂ ದೂರದ ಸಿವೈ5 ಆರಿಸಿದರೆ ಅಂತರ ಹಿಗ್ಗುತ್ತದೆ. ಸಿವೈ5 ಹೊಳಪು 670ರ ಆಸುಪಾಸು, ಕಣ್ಣಿಗೆ ಕಾಣುವುದೇ ಕಷ್ಟ, ಕ್ಯಾಮೆರಾ ಮಾತ್ರ ಹಿಡಿಯುತ್ತದೆ. ಒಂದೊಂದೇ ಬಣ್ಣ ಹಾಕಿದ ಸ್ಲೈಡನ್ನು ಎಲ್ಲ ಚಾನೆಲ್‌ಗಳಲ್ಲೂ ತೆಗೆದಿಟ್ಟುಕೊಂಡರೆ ಸೋರಿಕೆ ಎಷ್ಟೆಂದು ಅಂಕಿಯಲ್ಲೇ ಗೊತ್ತಾಗುತ್ತದೆ.

ಡಾಪಿಯನ್ನು ಕೊನೆಗೆ ತೆಗೆಯಿರಿ. ಅತಿನೇರಳೆ ಬೆಳಕಿನಲ್ಲಿ ಹೆಚ್ಚು ಹೊತ್ತಿದ್ದರೆ ಡಾಪಿಯ ಒಂದು ಪಾಲು ಹಸಿರು, ಕೆಂಪು ಹೊಳಪಿನ ರೂಪಕ್ಕೆ ಮಾರ್ಪಡುತ್ತದೆ. ಹಸಿರು ಚಾನೆಲ್‌ನಲ್ಲಿ ಕೋಶಕೇಂದ್ರಗಳು ಹೊಳೆದರೆ ಈ ಅನುಮಾನ ಇರಲಿ. ಉದ್ದ ತರಂಗಾಂತರದಿಂದ ಕಿರಿದರ ಕಡೆಗೆ ಬರುವ ಕ್ರಮ ಇದಕ್ಕೂ ಒಳ್ಳೆಯದು, ಬಣ್ಣ ಉಳಿಸುವುದಕ್ಕೂ ಒಳ್ಳೆಯದು. ಅತಿನೇರಳೆ ಹಚ್ಚಿರುವಾಗ ಕಿತ್ತಳೆ ಬಣ್ಣದ ರಕ್ಷಣಾ ಫಲಕ ಸ್ಥಳದಲ್ಲಿರಲಿ. ಸ್ಲೈಡಿನ ಮೇಲೆ ಬಾಗಿ ಬರಿಗಣ್ಣಿನಲ್ಲಿ ನೋಡಬೇಡಿ. ಪಾದರಸದ ದೀಪವಾದರೆ ಆರಿಸಿದ ಮೇಲೆ ಅರ್ಧ ಗಂಟೆ ತಣಿಯುವವರೆಗೆ ಮತ್ತೆ ಹಚ್ಚಬೇಡಿ. 365, 436, 546ರಲ್ಲಿ ಅದು ಪ್ರಖರ, ಫ್ಲೂರೆಸೀನ್‌ಗೆ ಬೇಕಾದ 470-490ರಲ್ಲಿ ಪೇಲವ. ನಿಮ್ಮ ಹಸಿರು ಸ್ವಲ್ಪ ಬಡವಾಗಿ ಕಾಣಲು ಅದೂ ಒಂದು ಕಾರಣ ಇರಬಹುದು. ಎಲ್‌ಇಡಿ ದೀಪದಲ್ಲಿ ಈ ಕೊರತೆ ಇಲ್ಲ.

ಎಳೆಗಳು ಸ್ಪಷ್ಟವಾದ ದಿನ ಅವುಗಳ ದಪ್ಪ ಅಳೆಯುವ ಆಸೆ ಹುಟ್ಟುತ್ತದೆ, ಅದಕ್ಕೊಂದು ಎಚ್ಚರಿಕೆ. ಸ್ಪಷ್ಟತೆಯ ಮಿತಿ 0.61 ಗುಣಿಸು ತರಂಗಾಂತರ, ಭಾಗಿಸು ಎನ್‌ಎ. 525 ನ್ಯಾನೊಮೀಟರ್ ಬೆಳಕು, 1.4 ಎನ್‌ಎ ಇದ್ದರೆ ಸುಮಾರು 229 ನ್ಯಾನೊಮೀಟರ್. ಮೈಕ್ರೋಟ್ಯೂಬ್ಯೂಲಿನ ನಿಜವಾದ ವ್ಯಾಸ 25 ನ್ಯಾನೊಮೀಟರ್. ಚಿತ್ರದಲ್ಲಿ ಅದು ಹತ್ತಿರ ಹತ್ತಿರ ಹತ್ತು ಪಟ್ಟು ದಪ್ಪವಾಗಿ ಕಾಣುತ್ತದೆ, ಪಕ್ಕಪಕ್ಕದ ಎರಡು ಎಳೆಗಳು ಒಂದೇ ಆಗಿ ಕಾಣಬಹುದು. ಈ ಮಿತಿ ದಾಟುವ ವಿಧಾನಗಳಿಗೇ 2014ರ ರಸಾಯನಶಾಸ್ತ್ರದ ನೊಬೆಲ್ ಬಂದದ್ದು. ನಿಮ್ಮ ಉಪಕರಣದಲ್ಲಿ ಆ ಮಿತಿಯವರೆಗಾದರೂ ಮುಟ್ಟಬೇಕೆಂದರೆ ಒಂದು ಪಿಕ್ಸೆಲ್‌ಗೆ ಸ್ಲೈಡಿನ ಮೇಲಿನ ಸುಮಾರು 115 ನ್ಯಾನೊಮೀಟರ್‌ಗಿಂತ ಹೆಚ್ಚು ಜಾಗ ಬೀಳಬಾರದು. 6.5 ಮೈಕ್ರೊಮೀಟರ್ ಪಿಕ್ಸೆಲ್‌ನ ಕ್ಯಾಮೆರಾಕ್ಕೆ 60x ಹಾಕಿದರೆ 108 ಬರುತ್ತದೆ, ಸಾಕು. 40x ಹಾಕಿದರೆ 163, ಎಳೆಗಳ ಅಂಚು ಮೆಟ್ಟಿಲು ಮೆಟ್ಟಿಲಾಗುತ್ತದೆ. ಚಿತ್ರದ ಅತಿ ಹೊಳಪಿನ ಜಾಗವೂ ಕ್ಯಾಮೆರಾದ ಗರಿಷ್ಠ ಅಂಕಿ ಮುಟ್ಟದಿರಲಿ, 12 ಬಿಟ್ ಕ್ಯಾಮೆರಾದಲ್ಲಿ ಅದು 4095. ಫೈಲನ್ನು ಜೆಪೆಗ್ ಆಗಿ ಅಲ್ಲ, ಟಿಫ್ ಆಗಿ ಉಳಿಸಿ. ಎಕ್ಸ್‌ಪೋಶರ್, ದೀಪದ ಮಟ್ಟ, ಕ್ಯೂಬ್‌ನ ಹೆಸರು, ಆಬ್ಜೆಕ್ಟಿವ್‌ನ ಎನ್‌ಎ ನಾಲ್ಕನ್ನೂ ಅದೇ ದಿನ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮುಂದಿನ ಬ್ಯಾಚಿನ ಮೂರು ಸ್ಲೈಡ್‌ಗಳನ್ನು ಅವೇ ಅಂಕಿಗಳಲ್ಲಿ ತೆಗೆಯಬೇಕಾಗುತ್ತದೆ.